ಗಾಜಿನ ತೊಟ್ಟಿಯಲ್ಲಿ ಪರಭಕ್ಷಕ ಮೀನುಗಳು: ಜೊತೆ ಮೀನುಗಳ ಆಯ್ಕೆ

(ಅಲಂಕಾರಿಕ ಮೀನು ಸಾಕಣೆ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಶಿಬಿರದಲ್ಲಿ ನಿನ್ನೆಯವರೆಗೆ ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಮುಂತಾದ ಸಾಧು ಮೀನುಗಳ ಸಾಕಣೆಯ ಬಗ್ಗೆ ಕೇಳಿದ್ದೀರಿ. ಇಂದು ನಾನು ಮಾತನಾಡಬೇಕಾಗಿರುವುದು ಇತರ ಮೀನುಗಳನ್ನು ತಿನ್ನುವ ಮೀನುಗಳ ಬಗ್ಗೆ. ಇವುಗಳನ್ನು ಪರಭಕ್ಷಕ ಮೀನುಗಳೆಂದು ಕರೆಯುತ್ತೇವೆ. ಆಸ್ಕರ್, ಅರೋವಾನ, ಫ್ಲವರ್‌ಹಾರ್ನ್ ಮುಂತಾದ ಈ ಮೀನುಗಳಿಗೆ ಪಟ್ಟಣಗಳಲ್ಲಿ ಒಳ್ಳೆಯ ಬೇಡಿಕೆ ಇದೆ. ಆದ್ದರಿಂದ ಮೀನು ಸಾಕಣೆಯನ್ನು ಉಪಕಸುಬಾಗಿ ಮಾಡುವ ರೈತರು ಇವನ್ನೂ ಸಾಕಿ ಮಾರುತ್ತಾರೆ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ಬೆಲೆ ಎಷ್ಟು ಎಂಬುದು. ಎರಡನೆಯ ಪ್ರಶ್ನೆ, ಇದರ ಜೊತೆ ಬೇರೆ ಯಾವ ಮೀನು ಬಿಡಬಹುದು ಎಂಬುದು. ಮೊದಲನೆಯದಕ್ಕೆ ನಾವು ಸರಿಯಾಗಿಯೇ ಉತ್ತರ ಕೊಡುತ್ತೇವೆ. ಎರಡನೆಯದಕ್ಕೆ ಬಹಳ ಸಲ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತೇವೆ. ಅದರಿಂದ ಎಂಥ ಪರಿಣಾಮ ಆಗಬಹುದು ಎಂಬುದನ್ನು ಒಂದು ಪ್ರಸಂಗದ ಮೂಲಕ ತಿಳಿಸುತ್ತೇನೆ.

ಒಂದು ಶಾಲೆಯ ತೊಟ್ಟಿ

ತುಮಕೂರು ಕಡೆಯ ಒಬ್ಬ ರೈತ ಮಹಿಳೆ ರೇಷ್ಮೆ ಸಾಕಣೆಯ ಜೊತೆಗೆ ಮನೆಯ ಹಿತ್ತಲಿನಲ್ಲಿ ನಾಲ್ಕು ಸಿಮೆಂಟ್ ತೊಟ್ಟಿ ಕಟ್ಟಿಸಿ ಅಲಂಕಾರಿಕ ಮೀನು ಸಾಕುತ್ತಿದ್ದರು. ಊರಿನ ಶಾಲೆಯವರು ಮಕ್ಕಳಿಗೆಂದು ಮೂರು ಅಡಿ ಉದ್ದದ ಗಾಜಿನ ತೊಟ್ಟಿ ತಂದಾಗ ಈಕೆ 20 ಗಪ್ಪಿ, 2 ಗೋಲ್ಡ್‌ಫಿಶ್ ಮತ್ತು ಹೆಬ್ಬೆರಳಿನಷ್ಟಿದ್ದ 4 ಆಸ್ಕರ್ ಮರಿಗಳನ್ನು ಕೊಟ್ಟರು. ಮೊದಲ ತಿಂಗಳು ಯಾವ ತೊಂದರೆಯೂ ಕಾಣಲಿಲ್ಲ. ಎರಡನೆಯ ತಿಂಗಳಿನಲ್ಲಿ ಗಪ್ಪಿಗಳು ಕಡಿಮೆಯಾಗತೊಡಗಿದವು. ಮಕ್ಕಳು ಪ್ರತಿದಿನ ಬೆಳಿಗ್ಗೆ ಎಣಿಸಿ ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು. 20 ಇದ್ದದ್ದು 17 ಆಯಿತು, 11 ಆಯಿತು, ಕೊನೆಗೆ ಬರೆಯಲು ಏನೂ ಉಳಿಯಲಿಲ್ಲ. ನಾಲ್ಕನೆಯ ತಿಂಗಳಿನಲ್ಲಿ ಗೋಲ್ಡ್‌ಫಿಶ್‌ಗಳ ಬಾಲ ಹರಿದು ಅವೂ ಸತ್ತವು. ಆರು ತಿಂಗಳಾಗುವ ಹೊತ್ತಿಗೆ ಗೇಣುದ್ದ ಬೆಳೆದ ಆಸ್ಕರ್‌ಗಳು ಒಂದನ್ನೊಂದು ಅಟ್ಟಾಡಿಸುತ್ತಿದ್ದವು, ನೀರು ವಾಸನೆ ಹಿಡಿದಿತ್ತು. ಆಗ ಮುಖ್ಯೋಪಾಧ್ಯಾಯರು, "ಜೀವ ಹೋಗುವುದು ಬೇಡ, ಊರ ಕೆರೆಗೆ ಬಿಟ್ಟುಬಿಡೋಣ" ಎಂದರು. ಅದೇ ಕೆರೆಗೆ ಮೀನುಗಾರರ ಸಹಕಾರ ಸಂಘದವರು ಹದಿನೈದು ದಿನಗಳ ಹಿಂದೆಯಷ್ಟೇ ಕಾಟ್ಲ, ರೋಹು ಮರಿಗಳನ್ನು ಬಿತ್ತಿದ್ದರು.

ಸುದ್ದಿ ತಿಳಿದು ಆಕೆ ಬಿಂದಿಗೆ ಹಿಡಿದು ಶಾಲೆಗೆ ಹೋದರು. "ಮೇಷ್ಟ್ರೇ, ಕೆರೆಗೆ ಮಾತ್ರ ಬಿಡಬೇಡಿ, ನಾನೇ ವಾಪಸು ತಗೊಳ್ತೀನಿ" ಎಂದು ನಾಲ್ಕನ್ನೂ ಮನೆಗೆ ತಂದರು. ಮುಂದೆ ನನ್ನನ್ನು ಕಂಡಾಗ ಅವರು ಹೇಳಿದ ಮಾತು ಇದು: "ಮೀನಿಂದು ತಪ್ಪಲ್ಲ ಸಾರ್, ಜೊತೆ ಹಾಕಿದ್ದು ನನ್ನ ತಪ್ಪು."

ಈ ದಿನದ ನನ್ನ ಭಾಷಣವೆಲ್ಲ ಆ ಒಂದು ಮಾತಿನ ವಿವರಣೆ ಎಂದರೂ ಸರಿ. ಜೊತೆ ತಪ್ಪಿದರೆ ಮೊದಲು ಸಣ್ಣ ಮೀನು ಹೋಗುತ್ತದೆ, ಆಮೇಲೆ ಗಿರಾಕಿಯ ನಂಬಿಕೆ ಹೋಗುತ್ತದೆ, ಕೊನೆಗೆ ಅಪಾಯ ಊರ ಕೆರೆಯ ಬಾಗಿಲಿಗೆ ಬರುತ್ತದೆ.

ನಿಮಗೆ ಗೊತ್ತಿರುವ ವಿಷಯವೇ

ಜೊತೆ ಮೀನುಗಳ ಆಯ್ಕೆ ಎಂಬುದು ನಿಮಗೆ ಹೊಸ ವಿದ್ಯೆಯಲ್ಲ. ನಮ್ಮ ದೇಶದಲ್ಲಿ 1971ರಲ್ಲಿ ಮಿಶ್ರ ಮೀನು ಸಾಕಣೆಯ ಅಖಿಲ ಭಾರತ ಸಂಯೋಜಿತ ಸಂಶೋಧನಾ ಯೋಜನೆ ಆರಂಭವಾಯಿತು. ಅದರಿಂದ ಬಂದ ಪದ್ಧತಿಯನ್ನೇ ನಾವು ಇಂದಿಗೂ ಕೊಳಗಳಲ್ಲಿ ಅನುಸರಿಸುತ್ತಿದ್ದೇವೆ. ಕಾಟ್ಲ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರೂ ಒಂದರ ಪಾಲಿಗೆ ಇನ್ನೊಂದು ಕೈ ಹಾಕುವುದಿಲ್ಲ. ಒಂದೇ ಕೊಳದಲ್ಲಿ ಮೂರು ಬೆಳೆ ತೆಗೆದಂತೆ ಇದು.

ಅದೇ ಕೊಳಕ್ಕೆ ಮರಿ ಬಿತ್ತುವ ಮೊದಲು ಮಾಡುವ ಕೆಲಸವೇನು? ಕೊರವ, ಬಾಳೆ ಮುಂತಾದ ಮೀನುಗಳನ್ನು ಬಲೆ ಎಳೆದು ತೆಗೆಯುತ್ತೇವೆ. ನೀರು ಬತ್ತಿಸಲು ಆಗದಿದ್ದರೆ ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2500 ಕಿಲೋಗ್ರಾಂ ಪ್ರಮಾಣದಲ್ಲಿ ಹಿಪ್ಪೆ ಹಿಂಡಿ ಹಾಕಿ ಅವುಗಳನ್ನು ನಿವಾರಿಸುತ್ತೇವೆ. ಕೊರವ ಇದ್ದ ಕೊಳದಲ್ಲಿ ಬಿತ್ತಿದ ಮರಿಗಳು ಕೈಗೆ ಹತ್ತುವುದಿಲ್ಲ ಎಂಬುದು ನಿಮ್ಮ ಅನುಭವಕ್ಕೆ ಬಂದದ್ದೇ.

ಈ ಎರಡು ತಿಳಿವಳಿಕೆಗಳನ್ನು ಒಟ್ಟು ಸೇರಿಸಿ ಗಾಜಿನ ತೊಟ್ಟಿಗೆ ಅನ್ವಯಿಸಿದರೆ ಸಾಕು. ಕೊಳದಲ್ಲಿ ಪರಭಕ್ಷಕವನ್ನು ತೆಗೆದು ಸಾಧು ಮೀನು ಸಾಕುತ್ತೇವೆ. ಇಲ್ಲಿ ಪರಭಕ್ಷಕವನ್ನೇ ಇಟ್ಟುಕೊಂಡು ಅದಕ್ಕೆ ತಕ್ಕ ನೆರೆಯನ್ನು ಹುಡುಕುತ್ತೇವೆ. ಕೊಳದಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗವಿದೆ. ಗಾಜಿನ ತೊಟ್ಟಿಯಲ್ಲಿ ಅದಿಲ್ಲ. ಆದ್ದರಿಂದ ಇಲ್ಲಿ ಎಚ್ಚರಿಕೆ ಹೆಚ್ಚು ಬೇಕು.

ಆಯ್ಕೆಯಲ್ಲಿ ಗಮನಿಸಬೇಕಾದ ಐದು ಅಂಶಗಳು

1. ಬಾಯಿಯ ಅಳತೆ: ಪರಭಕ್ಷಕ ಮೀನಿಗೆ ಸ್ನೇಹ, ವೈರ ಎಂಬುದಿಲ್ಲ. ಬಾಯಿಯೊಳಗೆ ಹಿಡಿಸುವುದೆಲ್ಲ ಅದಕ್ಕೆ ಆಹಾರ. ಹೊಟ್ಟೆ ತುಂಬ ಮೇವು ಹಾಕಿದರೆ ತಿನ್ನುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಹಸಿವಿಲ್ಲದಿದ್ದರೂ ಎದುರಿಗೆ ಸಣ್ಣ ಮೀನು ಸುಳಿದಾಡಿದರೆ ಅದು ಬಾಯಿ ಹಾಕುತ್ತದೆ. ಆದ್ದರಿಂದ ಜೊತೆ ಮೀನು ಪರಭಕ್ಷಕ ಮೀನಿನ ಉದ್ದದ ಮೂರನೇ ಎರಡು ಪಾಲಾದರೂ ಇರಬೇಕು. ಉದ್ದದ ಜೊತೆಗೆ ಮೈಯ ಅಗಲವನ್ನೂ ನೋಡಬೇಕು. ಕಡ್ಡಿಯಂತೆ ಸಣಕಲಾದ ಮೀನು ಉದ್ದವಿದ್ದರೂ ನುಂಗಲು ಸುಲಭ. ತಟ್ಟೆಯಂತೆ ಅಗಲವಾದ ಮೀನು ಅಷ್ಟು ಸುಲಭವಾಗಿ ಬಾಯಿಗೆ ಹೋಗುವುದಿಲ್ಲ.

ಇಲ್ಲಿ ಬಹಳ ಮಂದಿ ಎಡವುವುದು ಇಂದಿನ ಅಳತೆ ನೋಡಿ. ಕೊಳ್ಳುವಾಗ ಎಲ್ಲ ಮರಿಗಳೂ ಒಂದೇ ಅಳತೆ ಇರುತ್ತವೆ. ಆದರೆ ಗಪ್ಪಿ 4-5 ಸೆಂ.ಮೀ.ಗೆ ನಿಲ್ಲುತ್ತದೆ, ಆಸ್ಕರ್ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು 2.5 ಸೆಂ.ಮೀ. ಬೆಳೆಯುತ್ತದೆ. ಶಾಲೆಯ ತೊಟ್ಟಿಯಲ್ಲಿ ಮೊದಲ ತಿಂಗಳು ಶಾಂತಿ ಇದ್ದು ಎರಡನೆಯ ತಿಂಗಳು ಗಪ್ಪಿ ಮಾಯವಾದದ್ದಕ್ಕೆ ಇದೇ ಕಾರಣ. ಕರು ಕೊಳ್ಳುವಾಗ ಅದು ಎತ್ತಾದ ಮೇಲೆ ಎಷ್ಟು ಕೊಟ್ಟಿಗೆ ಬೇಕು ಎಂದು ಯೋಚಿಸುವಂತೆ, ಮರಿ ಕೊಳ್ಳುವಾಗಲೇ ಪೂರ್ಣ ಬೆಳೆದ ಅಳತೆಯನ್ನು ಲೆಕ್ಕ ಹಾಕಬೇಕು.

2. ನೀರಿನಲ್ಲಿ ವಾಸದ ಪದರ: ಕಾಟ್ಲ, ರೋಹು, ಮೃಗಾಲ್‌ಗಳ ತತ್ತ್ವವೇ ಇಲ್ಲೂ. ಅರೋವಾನ ಮೇಲ್ಪದರದ ಮೀನು. ಆಸ್ಕರ್ ಮತ್ತು ಸಿಲ್ವರ್ ಡಾಲರ್ ನಡುಪದರದವು. ಬೈಷರ್ ಎಂಬ ಆಫ್ರಿಕಾದ ಮೀನು ಹಾಗೂ ಬಹುತೇಕ ಮೀಸೆ ಮೀನುಗಳು ತಳದವು. ಬೇರೆ ಬೇರೆ ಪದರದ ಮೀನುಗಳನ್ನು ಆರಿಸಿದರೆ ದಿನವಿಡೀ ಮುಖಾಮುಖಿಯಾಗುವುದು ತಪ್ಪುತ್ತದೆ.

3. ಸ್ವಭಾವ: ತಿನ್ನುವುದು ಬೇರೆ, ಜಗಳವಾಡುವುದು ಬೇರೆ. ಕೆಲವು ಮೀನುಗಳು ನುಂಗುತ್ತವೆಯೇ ಹೊರತು ಜಗಳಗಂಟಿಗಳಲ್ಲ. ತಮಗಿಂತ ದೊಡ್ಡದರ ತಂಟೆಗೆ ಅವು ಹೋಗುವುದಿಲ್ಲ. ಫ್ಲವರ್‌ಹಾರ್ನ್‌ನಂಥವು ತೊಟ್ಟಿಯೆಲ್ಲ ತನ್ನದೇ ಎಂದು ತಿಳಿದು, ತಿನ್ನಲಾಗದ ಮೀನನ್ನೂ ಕಚ್ಚಿ ಕೊಲ್ಲುತ್ತವೆ. ಇನ್ನು ಟೈಗರ್ ಬಾರ್ಬ್‌ನಂಥ ಚುರುಕು ಮೀನುಗಳು ತಾವು ಸಣ್ಣವಾದರೂ ದೊಡ್ಡ ಮೀನಿನ ಈಜುರೆಕ್ಕೆಯನ್ನು ಚುಚ್ಚಿ ಹರಿಯುತ್ತವೆ. ಸಾಧು ಮೀನು ಕೂಡ ಮೊಟ್ಟೆ ಇಟ್ಟಾಗ ಉಗ್ರವಾಗುತ್ತದೆ ಎಂಬುದನ್ನು ಮರೆಯಬಾರದು.

4. ನೀರಿನ ಗುಣ: ಎರಡು ಮೀನುಗಳಿಗೂ ಒಂದೇ ಉಷ್ಣತೆ, ಒಂದೇ ರಸಸಾರದ ನೀರು ಹಿಡಿಸಬೇಕು. ಆಸ್ಕರ್‌ಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಗೋಲ್ಡ್‌ಫಿಶ್ ಅದಕ್ಕಿಂತ ತಂಪಾದ ನೀರಿನ ಮೀನು. ಆಸ್ಕರ್ ಕಚ್ಚದೆ ಇದ್ದರೂ ಈ ಎರಡರ ಜೊತೆ ಸರಿಯಲ್ಲ. ಒಂದಕ್ಕೆ ಹಿತವಾದ ನೀರು ಇನ್ನೊಂದನ್ನು ದಿನೇ ದಿನೇ ಬಳಲಿಸುತ್ತದೆ, ಬಳಲಿದ ಮೀನಿಗೆ ರೋಗ ಬೇಗ ತಗಲುತ್ತದೆ.

5. ಮುಳ್ಳು ಮತ್ತು ಕವಚ: ಸಣ್ಣ ಮೀಸೆ ಮೀನುಗಳಿಗೆ ಮೈಮೇಲೆ ಗಟ್ಟಿ ಕವಚ, ರೆಕ್ಕೆಯಲ್ಲಿ ಮುಳ್ಳು ಇರುವುದರಿಂದ ಅವಕ್ಕೆ ಭಯವಿಲ್ಲ ಎಂದು ಭಾವಿಸುವುದುಂಟು. ದೊಡ್ಡ ಮೀನು ಅವನ್ನೂ ನುಂಗಲು ಹೋಗುತ್ತದೆ. ಆಗ ಮೀಸೆ ಮೀನು ಮುಳ್ಳನ್ನು ಅಗಲಿಸಿ ಸೆಟೆಯುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಎರಡೂ ಸಾಯುತ್ತವೆ. ಆದ್ದರಿಂದ ಬಾಯಿಯ ಅಳತೆಯ ನಿಯಮ ಮುಳ್ಳಿನ ಮೀನಿಗೂ ಅನ್ವಯಿಸುತ್ತದೆ.

ಆಸ್ಕರ್ ಮೀನಿನ ಉದಾಹರಣೆ

ನಮ್ಮ ಪೇಟೆಯಲ್ಲಿ ಹೆಚ್ಚಾಗಿ ಮಾರಾಟವಾಗುವ ಪರಭಕ್ಷಕ ಮೀನುಗಳಲ್ಲಿ ಆಸ್ಕರ್ ಒಂದು. ಇದರ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪ್ರದೇಶ. ಈಗ ಚೆನ್ನೈ ಬಳಿಯ ಕೊಳತ್ತೂರು ಮತ್ತು ಕೋಲ್ಕತ್ತದ ಸುತ್ತಮುತ್ತ ಇದರ ಮರಿಗಳನ್ನು ಉತ್ಪಾದಿಸುತ್ತಾರೆ. ತೊಟ್ಟಿಯಲ್ಲಿ ಇದು ಸುಮಾರು 30 ಸೆಂ.ಮೀ., ಅಂದರೆ ಒಂದು ಅಡಿ ಬೆಳೆಯುತ್ತದೆ. ಒಳ್ಳೆಯ ಪಾಲನೆಯಲ್ಲಿ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಮೇವು ಹಾಕುವವರನ್ನು ಗುರುತಿಸಿ ಗಾಜಿನ ಬಳಿ ಬರುವುದರಿಂದ ಜನರಿಗೆ ಇದರ ಮೇಲೆ ಪ್ರೀತಿ.

ಮೊದಲು ತೊಟ್ಟಿಯ ಲೆಕ್ಕ. ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಎಷ್ಟು ಲೀಟರ್ ನೀರು ಹಿಡಿಸುತ್ತದೆ ಎಂಬುದು ತಿಳಿಯುತ್ತದೆ. ಶಾಲೆಯ ತೊಟ್ಟಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಅಂದರೆ ಸುಮಾರು 190 ಲೀಟರ್. ಬೆಳೆದ ಒಂದು ಆಸ್ಕರ್‌ಗೇ ಸುಮಾರು 300 ಲೀಟರ್ ನೀರು ಬೇಕು, ಎರಡಕ್ಕೆ 450ರಿಂದ 500 ಲೀಟರ್. ಅಲ್ಲಿ ನಾಲ್ಕನ್ನು ಬಿಟ್ಟಿದ್ದರು. ಜೊತೆ ಮೀನುಗಳ ಮಾತು ಹಾಗಿರಲಿ, ಆ ನಾಲ್ಕಕ್ಕೇ ಅಲ್ಲಿ ಜಾಗವಿರಲಿಲ್ಲ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಗೆ ಸುಮಾರು 680 ಲೀಟರ್ ಹಿಡಿಸುತ್ತದೆ. ಎರಡು ಆಸ್ಕರ್ ಮತ್ತು ಕೆಲವು ಜೊತೆ ಮೀನುಗಳಿಗೆ ಅಂಥದ್ದು ಯೋಗ್ಯ. ನೀರೊಂದೇ 680 ಕಿಲೋಗ್ರಾಂ ತೂಗುವುದರಿಂದ ಗಟ್ಟಿಯಾದ ಪೀಠ, ಸಮತಟ್ಟಾದ ನೆಲ ಇರಬೇಕು.

ಆಸ್ಕರ್ ಜೊತೆಗೆ ಬಿಡಬಹುದಾದವು:

ಸಿಲ್ವರ್ ಡಾಲರ್: ಬೆಳ್ಳಿ ನಾಣ್ಯದಂತೆ ಅಗಲವಾದ ಮೈ, ಸುಮಾರು 15 ಸೆಂ.ಮೀ. ಬೆಳೆಯುತ್ತದೆ. ಸೊಪ್ಪು ಸದೆ ತಿನ್ನುವ ಮೀನಾದ್ದರಿಂದ ಮೇವಿಗೆ ಪೈಪೋಟಿ ಕಡಿಮೆ. ಗುಂಪಿನಲ್ಲಿ ಬಾಳುವ ಮೀನು, ಐದಾರಾದರೂ ಇರಬೇಕು. ಒಂದೇ ಬಿಟ್ಟರೆ ಹೆದರಿ ಮೂಲೆ ಸೇರುತ್ತದೆ. ಇದಿರುವ ತೊಟ್ಟಿಯಲ್ಲಿ ನೀರುಗಿಡ ಉಳಿಯುವುದಿಲ್ಲ.

ಸೆವೆರಂ: ಆಸ್ಕರ್‌ನ ದೂರದ ಬಂಧು, ಸುಮಾರು 20 ಸೆಂ.ಮೀ. ಬೆಳೆಯುತ್ತದೆ, ಅಗಲವಾದ ಮೈ, ಒಟ್ಟಾರೆ ಶಾಂತ ಸ್ವಭಾವ.

ಜಿಯೋಫೇಗಸ್: ತಳದ ಮರಳನ್ನು ಬಾಯಿಗೆ ತುಂಬಿ ಜರಡಿ ಹಿಡಿದಂತೆ ಮೇವು ಹುಡುಕುವ ಮೀನು. ಆಸ್ಕರ್‌ಗೆ ಅಡ್ಡ ಬರುವುದಿಲ್ಲ. ಇದಕ್ಕೆ ಕಲ್ಲಿನ ಹರಳಿಗಿಂತ ನಯವಾದ ಮರಳು ಮೇಲು.

ಇವುಗಳನ್ನೂ ಆಸ್ಕರ್ ಮರಿಯಾಗಿದ್ದಾಗಲೇ ಸಮ ಅಳತೆಯವು ನೋಡಿ ಒಟ್ಟಿಗೆ ಬಿಟ್ಟರೆ ಹೊಂದಾಣಿಕೆ ಚೆನ್ನಾಗಿರುತ್ತದೆ.

ಬಿಡಬಾರದವು: ಗಪ್ಪಿ, ಮೋಲಿ, ನಿಯಾನ್ ಟೆಟ್ರಾ ಮುಂತಾದ ಸಣ್ಣ ಮೀನುಗಳೆಲ್ಲ ಅದಕ್ಕೆ ಆಹಾರವಾಗುತ್ತವೆ. ಏಂಜೆಲ್ ಮೀನಿನ ಮೈ ಅಗಲವಿದ್ದರೂ ಉದ್ದನೆಯ ಕೋಮಲ ರೆಕ್ಕೆ ಹರಿಯುತ್ತದೆ. ಗೋಲ್ಡ್‌ಫಿಶ್ ವಿಷಯ ಆಗಲೇ ಹೇಳಿದ್ದೇನೆ. ಫ್ಲವರ್‌ಹಾರ್ನ್ ಬಿಟ್ಟರೆ ಆಸ್ಕರ್‌ಗೇ ಅಪಾಯ. ಗಾಜು ಶುಚಿ ಮಾಡುತ್ತದೆಂದು ಸಕ್ಕರ್ ಮೀನು ಬಿಡುವ ರೂಢಿ ಇದೆ. ಬೆರಳುದ್ದದ ಮರಿಯಾಗಿ ಬಂದ ಅದು ಮೊಳದುದ್ದ ಬೆಳೆಯುತ್ತದೆ. ಪಾಚಿ ಸಾಲದಿದ್ದಾಗ ರಾತ್ರಿ ಹೊತ್ತು ಆಸ್ಕರ್‌ನಂಥ ಅಗಲ ಮೀನಿನ ಮೈಗೆ ಅಂಟಿ ಲೋಳೆಯನ್ನು ಹೀರುವುದೂ ಉಂಟು. ಆ ಜಾಗ ಹುಣ್ಣಾಗುತ್ತದೆ. ಅದನ್ನು ನಾನು ಸಲಹೆ ಮಾಡುವುದಿಲ್ಲ.

ಇತರ ಕೆಲವು ಮೀನುಗಳು

ಕೊರವ ಮೀನು: ನಮ್ಮದೇ ನಾಡಿನ ಮೀನು. ಕೆರೆಯ ಅಂಚಿನಲ್ಲಿ ಕೆಂಪು ಮರಿಗಳ ಹಿಂಡನ್ನು ತಾಯಿ ತಂದೆ ಕಾಯುತ್ತ ತಿರುಗುವುದನ್ನು ನೀವೆಲ್ಲ ಕಂಡಿರುತ್ತೀರಿ. ಅಷ್ಟು ಅಕ್ಕರೆಯ ಮೀನಿನ ಮರಿಗಳೇ ಸ್ವಲ್ಪ ದೊಡ್ಡವಾದ ಮೇಲೆ ಒಂದನ್ನೊಂದು ತಿನ್ನುತ್ತವೆ. ಆದ್ದರಿಂದ ಕೊರವ ಸಾಕುವವರು ವಾರಕ್ಕೆ ಅಥವಾ ಹತ್ತು ದಿನಕ್ಕೊಮ್ಮೆ ಮರಿಗಳನ್ನು ಅಳತೆಗೆ ತಕ್ಕಂತೆ ಬೇರ್ಪಡಿಸಬೇಕು. ಗಾಜಿನ ತೊಟ್ಟಿಯಲ್ಲಿ ಇದನ್ನು ಒಂಟಿಯಾಗಿ ಇಡುವುದೇ ಲೇಸು. ಇದು ಮೇಲೆ ಬಂದು ಗಾಳಿ ಸೇವಿಸುವ ಮೀನು. ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳು ಜಾಗ ಬಿಡಬೇಕು. ಮುಚ್ಚಳ ಭದ್ರವಾಗಿರದಿದ್ದರೆ ಹಾರಿ ಹೊರಗೆ ಬೀಳುತ್ತದೆ.

ಅರೋವಾನ: ದಕ್ಷಿಣ ಅಮೆರಿಕದ ಬೆಳ್ಳಿ ಅರೋವಾನ ಸುಮಾರು 90 ಸೆಂ.ಮೀ. ಬೆಳೆಯಬಲ್ಲದು. ಸಾಧಾರಣ ಮನೆಯ ತೊಟ್ಟಿ ಇದಕ್ಕೆ ಸಾಲದು. ಮೇಲ್ಪದರದ ಮೀನಾದ್ದರಿಂದ ತಳದಲ್ಲಿರುವ ದೊಡ್ಡ ಮೀನುಗಳ ಜೊತೆ ಹೊಂದುತ್ತದೆ. ಇದೂ ಚೆನ್ನಾಗಿ ನೆಗೆಯುತ್ತದೆ. ಏಷ್ಯಾದ ಅರೋವಾನ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಮೊದಲ ಪಟ್ಟಿಯಲ್ಲಿರುವ ಮೀನು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ದಾಖಲೆ ಇಲ್ಲದ ಮೀನನ್ನು ಕೊಳ್ಳುವುದಾಗಲಿ ಮಾರುವುದಾಗಲಿ ಬೇಡ.

ಫ್ಲವರ್‌ಹಾರ್ನ್: 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಿಶ್ರತಳಿಯಾಗಿ ಬೆಳೆಸಿದ ಮೀನು. ಇದಕ್ಕೆ ತಕ್ಕ ಜೊತೆ ಎಂದರೆ ಜೊತೆ ಇಲ್ಲದಿರುವುದೇ. ಗಿರಾಕಿಗೆ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿಬಿಡಿ.

ಕೆಂಪುಬಾಲದ ಮೀಸೆ ಮೀನು: ಮರಿ ನೋಡಲು ಬಲು ಚೆಂದ. ಬೆಳೆದರೆ ಒಂದು ಮೀಟರ್ ಮೀರುತ್ತದೆ, ಜೊತೆಗಿರುವ ಎಲ್ಲವನ್ನೂ ನುಂಗುತ್ತದೆ. ಇದನ್ನು ಮನೆಯ ತೊಟ್ಟಿಗೆಂದು ಮಾರಲೇಬಾರದು.

ಹೊಸ ಮೀನನ್ನು ಸೇರಿಸುವ ಕ್ರಮ

ಹೊಸದಾಗಿ ತಂದ ಮೀನನ್ನು ಎರಡರಿಂದ ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಹೊಸ ಹಸುವನ್ನು ನೇರವಾಗಿ ಹಿಂಡಿಗೆ ಕಟ್ಟದಿರುವಂತೆಯೇ ಇದು. ಸೇರಿಸುವ ದಿನ ಹಳೆಯ ಮೀನುಗಳಿಗೆ ಮೊದಲು ಮೇವು ಹಾಕಿ, ತೊಟ್ಟಿಯೊಳಗಿನ ಕಲ್ಲು, ಮರದ ತುಂಡುಗಳ ಜಾಗ ಬದಲಿಸಬೇಕು. ಹೀಗೆ ಮಾಡಿದರೆ ಹಳೆಯ ಮೀನು ತನ್ನದೆಂದು ಹಿಡಿದಿಟ್ಟುಕೊಂಡ ಗಡಿ ಕಲಸಿಹೋಗಿ, ಹಳಬರೂ ಹೊಸಬರೂ ಒಟ್ಟಿಗೆ ಜಾಗ ಹುಡುಕಿಕೊಳ್ಳುತ್ತಾರೆ. ಹೊಸ ಮೀನಿನ ಚೀಲವನ್ನು ತೊಟ್ಟಿಯ ನೀರಿನಲ್ಲಿ ಸುಮಾರು ಅರ್ಧ ಗಂಟೆ ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ, ದೀಪ ಆರಿಸಿ ಮೀನನ್ನು ಬಿಡಬೇಕು. ಮೊದಲ ಎರಡು ದಿನ ಆಗಾಗ ಗಮನಿಸಬೇಕು. ಅಡಗಲು ಮಡಕೆ ಅಥವಾ ಅಗಲ ಕೊಳವೆಯ ತುಂಡನ್ನು ಇಡುವುದು ಒಳ್ಳೆಯದು.

ಮೀನು ಯಾವಾಗಲೂ ಮೇಲಿನ ಮೂಲೆಯಲ್ಲೇ ನಿಲ್ಲುವುದು, ಮೇವಿಗೆ ಬಾರದಿರುವುದು, ರೆಕ್ಕೆಗಳನ್ನು ಮೈಗೆ ಮುದುರಿಕೊಳ್ಳುವುದು, ಬಾಲದ ಅಂಚು ಹರಿದಿರುವುದು, ಮೈಯ ಬಣ್ಣ ಕಪ್ಪಾಗುವುದು, ಇವು ಜೊತೆ ಹೊಂದಲಿಲ್ಲ ಎಂಬುದರ ಗುರುತುಗಳು. ನಾಳೆ ಸರಿಹೋದೀತು ಎಂದು ಕಾಯಬಾರದು. ಅಂದೇ ಬೇರ್ಪಡಿಸಬೇಕು. ಆದ್ದರಿಂದ ಪರಭಕ್ಷಕ ಮೀನು ಸಾಕುವವರಲ್ಲಿ ಒಂದು ತೊಟ್ಟಿ ಸದಾ ಖಾಲಿ ಇರಬೇಕು. ಸಿಮೆಂಟ್ ತೊಟ್ಟಿಯಾದರೂ ಸರಿ, ಹಳೆಯ ಡ್ರಮ್ ಆದರೂ ಸರಿ, ಸ್ವಚ್ಛವಾಗಿದ್ದರೆ ಸಾಕು.

ಮೇವು ಮತ್ತು ನೀರು

ಪರಭಕ್ಷಕ ಮೀನಿಗೆ ಜೀವಂತ ಮೀನನ್ನೇ ಹಾಕಬೇಕೆಂಬ ನಿಯಮವಿಲ್ಲ. ಹಾಗೆ ಹಾಕುವ ಮೀನಿನಿಂದ ರೋಗಗಳು ಬರುತ್ತವೆ. ಗೋಲ್ಡ್‌ಫಿಶ್ ಮಾಂಸದಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಒಂದು ಕಿಣ್ವ ಇರುವುದರಿಂದ ಅದನ್ನೇ ದಿನವೂ ತಿನ್ನಿಸಿದರೆ ಮೀನು ಸೊರಗುತ್ತದೆ. ಮರಿಯಾಗಿದ್ದಾಗಲೇ ಗುಳಿಗೆ ಆಹಾರಕ್ಕೆ ರೂಢಿ ಮಾಡಿಸಿ, ನಡುನಡುವೆ ತೊಳೆದ ಎರೆಹುಳು, ಸಿಗಡಿ ಚೂರು ಕೊಡಬಹುದು. ಮೇಲಿನ ಮೀನಿಗೆ ತೇಲುವ ಗುಳಿಗೆ, ತಳದ ಮೀನಿಗೆ ಮುಳುಗುವ ಗುಳಿಗೆ ಹಾಕಬೇಕು. ರಾತ್ರಿ ಸಂಚರಿಸುವ ಮೀನಿದ್ದರೆ ದೀಪ ಆರಿಸಿದ ಮೇಲೆ ಅದರ ಪಾಲು ಹಾಕಬೇಕು. ಒಂದೇ ಕಡೆ ಸುರಿಯದೆ ಎರಡು ಮೂರು ಕಡೆ ಹಾಕಿದರೆ ಸಣ್ಣದಕ್ಕೂ ಸಿಗುತ್ತದೆ. ಮೀನಿನ ಜಗಳಗಳಲ್ಲಿ ಅನೇಕವು ಮೇವಿನ ಹೊತ್ತಿನ ಜಗಳಗಳೇ.

ಮಾಂಸ ತಿನ್ನುವ ಮೀನುಗಳು ನೀರನ್ನು ಬೇಗ ಕೆಡಿಸುತ್ತವೆ. ಅವುಗಳ ಕಿವಿರು ಮತ್ತು ಮಲದಿಂದ ಬರುವ ಅಮೋನಿಯಾ ವಿಷಕಾರಿ. ಶೋಧಕದೊಳಗಿನ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ನಂತರ ಅಷ್ಟೊಂದು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಆ ಮೊದಲೇ ದೊಡ್ಡ ಮೀನು ತುಂಬಬಾರದು. ಪ್ರತಿ ವಾರ ಕಾಲು ಭಾಗದಷ್ಟು ನೀರನ್ನು ತೆಗೆದು ಹೊಸ ನೀರು ತುಂಬಬೇಕು. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಒಂದು ದಿನ ಅಗಲ ಬಾಯಿಯ ತೊಟ್ಟಿಯಲ್ಲಿ ಇಟ್ಟು, ಗಾಳಿ ಹಾಯಿಸಿ ಉಪಯೋಗಿಸಬೇಕು. ಶೋಧಕದ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆದರೆ ಒಳ್ಳೆಯ ಜೀವಿಗಳು ಉಳಿಯುತ್ತವೆ.

ಕೆರೆಗೆ ಬಿಡಬೇಡಿ

ಈಗ ಬಹು ಮುಖ್ಯವಾದ ಮಾತಿಗೆ ಬರುತ್ತೇನೆ. ಜೊತೆ ಹೊಂದಲಿಲ್ಲ, ಮೀನು ದೊಡ್ಡದಾಯಿತು, ಸಾಕಲಾಗದು ಎಂದಾಗ ಜನ ಮಾಡುವುದೇನು? ಪುಣ್ಯ ಬರುತ್ತದೆಂದು ಕೆರೆಗೋ ಹೊಳೆಗೋ ಬಿಡುತ್ತಾರೆ. ಇದು ಪುಣ್ಯದ ಕೆಲಸವಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಆಸ್ಕರ್ ಮೀನುಗಳು ಕಾಲುವೆಗಳಲ್ಲಿ ನೆಲೆಯೂರಿ ವಂಶ ಬೆಳೆಸಿಕೊಂಡಿವೆ. ನಮ್ಮ ಬಯಲುಸೀಮೆಯ ಕೆರೆ ನೀರು ಚಳಿಗಾಲದಲ್ಲೂ ಆಸ್ಕರ್ ಸಾಯುವಷ್ಟು ತಣ್ಣಗಾಗುವುದಿಲ್ಲ. ಒಂದು ಜೋಡಿ ಒಮ್ಮೆಗೆ ಸಾವಿರಕ್ಕೂ ಮಿಕ್ಕಿ ಮೊಟ್ಟೆ ಇಟ್ಟು ಮರಿಗಳನ್ನು ಕಾಯುತ್ತದೆ.

ನಮ್ಮ ದೇಶದಲ್ಲೂ ಪಾಠಗಳು ಸಾಕಷ್ಟಿವೆ. ಗಾಜು ಶುಚಿ ಮಾಡಲೆಂದು ತಂದ ಸಕ್ಕರ್ ಮೀನು ಇಂದು ಕೇರಳ, ತಮಿಳುನಾಡು, ಆಂಧ್ರ, ಪಶ್ಚಿಮ ಬಂಗಾಳ ಮುಂತಾದ ಕಡೆ ಕೆರೆ ಹೊಳೆಗಳಲ್ಲಿ ತುಂಬಿಕೊಂಡಿದೆ. ಅದರ ಒರಟು ಮುಳ್ಳು ಮೈ ಬಲೆಯನ್ನು ಹರಿಯುತ್ತದೆ, ತಿನ್ನುವವರೂ ವಿರಳ. 2023ರ ಮೇ ತಿಂಗಳಿನಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಎಂಬ ಪರಭಕ್ಷಕ ಮೀನು ಸಿಕ್ಕಿತು. ಮೊಸಳೆಯಂಥ ಮೂತಿಯ ಈ ಮೀನು ಎರಡು ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಸ್ಥಳೀಯ ಮೀನುಗಳಿಗೆ ಮಾರಕವೆಂದು ಕೇಂದ್ರ ಸರ್ಕಾರ 2000ದಲ್ಲಿ ಅದರ ಸಾಕಣೆಯನ್ನು ನಿಷೇಧಿಸಿತು. ಆದರೂ ಅದು ಇಂದಿಗೂ ಅನೇಕ ಜಲಾಶಯಗಳಲ್ಲಿ ಇದೆ. ಒಮ್ಮೆ ಕೆರೆಗೆ ಸೇರಿದ ಮೀನನ್ನು ಆದೇಶದಿಂದ ಹೊರಗೆ ಕರೆಯಲಾಗುವುದಿಲ್ಲ.

ಕೆರೆಯ ಮೇಲೆ ಅವಲಂಬಿಸಿದ ಮೀನುಗಾರ ಕುಟುಂಬಗಳು ಗುತ್ತಿಗೆ ಹಣ ಕಟ್ಟಿ, ಸಾಲ ಮಾಡಿ ಮರಿ ಬಿತ್ತಿರುತ್ತವೆ. ನಾಲ್ಕು ಮೀನಿಗೆ ದಯೆ ತೋರಲು ಹೋಗಿ ಅವರ ವರ್ಷದ ದುಡಿಮೆಗೆ ಕಲ್ಲು ಹಾಕಬಾರದು. ಮಳೆಗಾಲದಲ್ಲಿ ನಿಮ್ಮ ಸಾಕಣೆ ತೊಟ್ಟಿಗಳು ಉಕ್ಕಿ ಹರಿದು ಮರಿಗಳು ಹಳ್ಳ ಸೇರದಂತೆಯೂ ಎಚ್ಚರ ವಹಿಸಬೇಕು. ತೊಟ್ಟಿಯ ಹೊರಹರಿವಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ.

ಸಾಕುವವರು ಮಾಡಬೇಕಾದದ್ದು

ಆ ತುಮಕೂರಿನ ರೈತ ಮಹಿಳೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಆಕೆ ನಾಲ್ಕು ಆಸ್ಕರ್‌ಗಳನ್ನು ಸಿಮೆಂಟ್ ತೊಟ್ಟಿಯಲ್ಲಿ ಇಟ್ಟುಕೊಂಡು, ಶಾಲೆಗೆ ಬದಲಿಯಾಗಿ ಗಪ್ಪಿ, ಮೋಲಿಗಳನ್ನು ಹಣ ಪಡೆಯದೆ ಕೊಟ್ಟರು. ಮಕ್ಕಳ ಕರಿಹಲಗೆಯ ಲೆಕ್ಕ ಮತ್ತೆ ಆರಂಭವಾಯಿತು. ಗಪ್ಪಿ ಮರಿ ಹಾಕುವ ಮೀನಾದ್ದರಿಂದ ಈ ಬಾರಿ ಲೆಕ್ಕ ಏರುತ್ತ ಹೋಯಿತು. ಅಂದಿನಿಂದ ಆಕೆ ಎರಡು ಪದ್ಧತಿ ಇಟ್ಟುಕೊಂಡಿದ್ದಾರೆ. ಯಾವ ಮೀನು ಮಾರಿದರೂ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಮೂರೇ ಸಾಲು: ಪೂರ್ಣ ಬೆಳೆದಾಗಿನ ಉದ್ದ, ಬೇಕಾದ ನೀರು, ಜೊತೆಗೆ ಬಿಡಬಹುದಾದ ಮತ್ತು ಬಿಡಬಾರದ ಮೀನುಗಳು. ಎರಡನೆಯದಾಗಿ, ಸಾಕಲಾಗದಿದ್ದರೆ ಮೀನನ್ನು ತಾವೇ ವಾಪಸು ಪಡೆಯುವುದಾಗಿ ಹೇಳುತ್ತಾರೆ. ಇದರಿಂದ ನಷ್ಟವಾಗಲಿಲ್ಲವೇ ಎಂದು ಕೇಳಿದೆ. "ವಾಪಸು ಬಂದ ದೊಡ್ಡ ಮೀನಿಗೆ ಇನ್ನೂ ಒಳ್ಳೆ ಬೆಲೆ ಬರ್ತದೆ ಸಾರ್. ಚೀಟಿ ನೋಡಿ ಕೆಲವರು ಆಸ್ಕರ್ ಬೇಡ ಅಂತ ಗಪ್ಪಿ ತಗೊಂಡು ಹೋಗ್ತಾರೆ, ಅದೂ ಒಳ್ಳೇದೇ" ಎಂದರು.

ವಿಸ್ತರಣಾ ಕಾರ್ಯಕರ್ತರು ಇಂಥ ಚೀಟಿಯ ಮಾದರಿಯನ್ನು ತಯಾರಿಸಿ ತಮ್ಮ ವ್ಯಾಪ್ತಿಯ ಸಾಕಣೆದಾರರಿಗೆ ಹಂಚಬೇಕೆಂದು ಕೋರುತ್ತೇನೆ. ಸಂದೇಹವಿದ್ದಲ್ಲಿ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೋ ಕೃಷಿ ವಿಜ್ಞಾನ ಕೇಂದ್ರವನ್ನೋ ಸಂಪರ್ಕಿಸಬಹುದು.

ಕೊನೆಯದಾಗಿ, ಮನೆಗೆ ಹೋದ ಮೇಲೆ ನೆನಪಿನಲ್ಲಿ ಉಳಿಯಲೆಂದು ಸಂಕ್ಷೇಪವಾಗಿ ಹೇಳುತ್ತೇನೆ. ಬಾಯಿಗೆ ಹಿಡಿಸುವ ಮೀನನ್ನು ಜೊತೆಗೆ ಬಿಡಬೇಡಿ. ಇಂದಿನ ಅಳತೆ ನೋಡಬೇಡಿ, ಬೆಳೆದ ಅಳತೆ ನೋಡಿ. ಪದರ, ಸ್ವಭಾವ, ನೀರು ಈ ಮೂರೂ ಹೊಂದಿದರೆ ಮಾತ್ರ ಕೂಡಿಸಿ. ಒಂದು ತೊಟ್ಟಿಯನ್ನು ಖಾಲಿ ಇಟ್ಟಿರಿ. ತಕ್ಕ ಜೊತೆ ಸಿಗದಿದ್ದರೆ ಒಂಟಿಯಾಗಿಯೇ ಸಾಕಿ, ಅದರಿಂದ ಮೀನಿಗೆ ಕೊರತೆಯೇನೂ ಇಲ್ಲ. ಏನೇ ಆದರೂ ಕೆರೆಗೆ ಬಿಡಬೇಡಿ.